ಕುದಿಸಿ ಕೊಟ್ಟ ಹುಳಿ

ನಾ ಒಬ್ಬಾಂವನ ಧಂದಾ ಮುಳುಗಿಸೀನಿ. ಇದನ್ನ ಮೊದಲಿಗೇ ಹೇಳಿಬಿಡತೀನಿ. ಕಡೀಕ ಹೇಳಿದ್ರ, ಇಕಿ ಪಶ್ಚಾತ್ತಾಪ ಪಟ್ಟು ಹೇಳಾಕತ್ತಾಳ ಅಂತ ನಿಮಗ ಅನಸಬಹುದು. ಪಶ್ಚಾತ್ತಾಪ ಗಿಶ್ಚಾತ್ತಾಪ ಏನೂ ಇಲ್ಲ. ಅವ ಮಾಡಿದ್ದಕ್ಕ ಅದು ಕಡಿಮೀನೇ ಆತು.

ನಾವು ವಿಜಯಪುರದ ಕಡಿಯವರು. ಹೈದರಾಬಾದಿಗೆ ಬಂದಿದ್ದು ನಮ್ಮ ಅತ್ತಿಯ ಕಾಲಕ್ಕ. ನಾರಾಯಣಗೂಡದಾಗ ಎರಡು ಖೋಲಿಯ ಬಾಡಿಗಿ ಮನಿ. ಮನಿಯೊಳಗ ಕನ್ನಡ, ಹೊಸ್ತಿಲಾ ದಾಟಿದ್ರ ತೆಲುಗು, ಬಜಾರಕ್ಕ ಹೋದ್ರ ಹಿಂದಿ. ಮನಿಯವರು ಒಂದು ಪ್ರಿಂಟಿಂಗ್ ಪ್ರೆಸ್ಸಿನಾಗ ಕೆಲಸಕ್ಕಿದ್ರು, ಕೋಚಿಂಗ್ ಸೆಂಟರಿನ ನೋಟ್ಸ್ ಅಚ್ಚು ಹಾಕೂ ಪ್ರೆಸ್ಸು. ಹುಡುಗರು ಮೊಬೈಲಿನಾಗ ಓದಾಕ ಹತ್ತಿದ ಮ್ಯಾಲ ಪ್ರೆಸ್ಸಿಗೆ ಬಾಗಲಾ ಬಿತ್ತು. ಮನಿಯವರು ಎರಡು ತಿಂಗಳು ಪೇಪರ್ ಓದಿಕೋತ ಕುಂತ್ರು. ಮೂರನೇ ತಿಂಗಳಿಗೆ ನಾ ಮನಿ ಅಂಬಲಿ ಒಂದು ಸ್ಟೀಲಿನ ಡ್ರಮ್ಮಿಗೆ ಸುರುವಿಕೊಂಡು, ನಸುಕಿನ್ಯಾಗ ಪಾರ್ಕಿನ ಗೇಟಿಗೆ ಹೋಗಿ ನಿಂತೆ.

ಅಂಬಲಿ ನಮ್ಮ ಅತ್ತಿಯ ಕೈಯಿಂದು. ಜ್ವಾಳದ ಹಿಟ್ಟಿನ ಗಂಜಿ ಕುದಿಸಿ, ಪೂರಾ ಆರಿಸಿ, ಅದಕ್ಕ ನಿನ್ನಿಂದು ಒಂದು ಸೌಟು ಹುಳಿ ಬೆರಸಿ ರಾತ್ರಿ ಮುಚ್ಚಿಡೂದು. ಮಸರಿಗೆ ಹೆಪ್ಪು ಹಾಕತೀವಲ್ಲ, ಅಂಬಲಿಗೆ ಈ ಹುಳಿ ಹಂಗ. ಮುಂಜಾನೆಗೆ ಗಂಜಿ ಹುಳಿ ಬಂದಿರತೈತಿ. ಅದರಾಗ ನಾಳಿಗೆ ಬೇಕಾದಷ್ಟು ತಗದಿಟ್ಟು, ಉಳಿದಿದ್ದಕ್ಕ ಮಜ್ಜಿಗಿ, ಉಪ್ಪು, ಜೀರಗಿ, ಸಣ್ಣಗ ಹೆಚ್ಚಿದ ಉಳ್ಳಾಗಡ್ಡಿ. ಅಷ್ಟ. ಇಷ್ಟಕ್ಕ ಸುಗರ್ ಇದ್ದವರು, ಬಿ.ಪಿ. ಇದ್ದವರು, ಹೊಟ್ಟಿ ಕರಗಸಬೇಕಂತ ಬಂದ ಪಡ್ಡೆ ಹುಡುಗರು ಸಾಲು ಹಚ್ಚಿದ್ರು. ಒಂದು ಕಡೆ ಬೂದಗುಂಬಳದ ರಸದಾಂವ, ಇನ್ನೊಂದು ಕಡೆ ಮೊಳಕಿ ಕಾಳಿನಾಕಿ, ನಡುವ ನಾನು. ಗೇಟಿನಿಂದ ಹೊರಗ ಬಂದವರು ನೆಟ್ಟಗ ನನ್ನ ಟೇಬಲ್ಲಿಗೇ ಬಂದು ಬೀಳತಿದ್ರು. ಆ ಜಾಗಾದ ಮ್ಯಾಲ ನಮ್ಮ ಮನಿ ನಡೀತಿತ್ತು.

ಅವ ಬಂದಿದ್ದು ಅಲ್ಲಿಗೇ. ನಾ ಫೋನಿನ್ಯಾಗ ಮನಿಯವರನ್ನ ಕನ್ನಡದಾಗ ಝಾಡಸಾಕತ್ತಿದ್ದೆ, ಸಾಮಾನು ಕಟ್ಟಿಕೊಡೂ ಮುಂದ ಗ್ಲಾಸಿನ ಕಟ್ಟು ಇಡೂದನ್ನ ಮರತಿದ್ರು ಅವರು. ಹಿಂದಿನಿಂದ ಯಾರೋ ನಕ್ಕಂಗಾತು. "ಅಕ್ಕಾ, ಇದು ಜೋಳದ ಅಂಬಲೀನಾ?" ಟೀವಿಯೊಳಗಿನವರಂಗ ಸಾಫ್ ಕನ್ನಡ. ಬೆಂಗಳೂರಿನ ಹುಡುಗ, ಐಟಿ ಕಂಪನಿಯಾಗ ಕೆಲಸ, ವಯಸ್ಸು ಮೂವತ್ತರ ಒಳಗ. ಆ ಗೇಟಿನ್ಯಾಗ ಅಷ್ಟು ವರ್ಷದಾಗ ನನ್ನ ಸಂಗಟ ಕನ್ನಡದಾಗ ಮಾತಾಡಿದ ಮೊದಲನೇ ಗಿರಾಕಿ ಅವ. ಆವತ್ತು ಅವನ ಕಡೆ ದುಡ್ಡು ತಗೊಳ್ಳಲಿಲ್ಲ. ಹಾಳಾಗಿ ಹೋಗಲಿ ನನ್ನ ಬುದ್ಧಿ.

ಅವಗ ಹೊಟ್ಟಿ ತ್ರಾಸ ಇತ್ತು. ಹೊರಗಿನ ಊಟ, ರಾತ್ರಿಪಾಳಿ, ತಿಂದಿದ್ದು ದಕ್ಕತಿರಲಿಲ್ಲ. ಒಂದು ತಿಂಗಳು ಅಂಬಲಿ ಕುಡದ ಮ್ಯಾಲ ಮುಖದಾಗ ಕಳಾ ಬಂತು. ಮನಿಗೂ ಬರಾಕ ಹತ್ತಿದ. ಅತ್ತಿಗೆ "ಅಜ್ಜೀ" ಅಂದ್ಕೋತ ಅವರ ಮಂಚದ ಮ್ಯಾಲೇ ಕುಂದರತಿದ್ದ. ಒಂದಿನ ಹೇಳಿದ, "ಅಕ್ಕಾ, ಈಗ ಎಲ್ಲಾ ಕಡೆ ಇದೇ ಟ್ರೆಂಡು. ಸಕ್ಕರೆ ನೀರು ಯಾರಿಗೂ ಬೇಡ. ಹೊಟ್ಟೆಗೆ ಒಳ್ಳೇದು ಮಾಡೋ ಡ್ರಿಂಕ್ ಬೇಕು, ಜೀವ ಇರೋ ಡ್ರಿಂಕ್ ಬೇಕು. ನಾವಿಬ್ರೂ ಪಾರ್ಟನರ್ಸ್ ಆಗೋಣ. ಕೈ ನಿಮ್ಮದು, ಓಡಾಟ ನಂದು."

ನಾಕು ತಿಂಗಳು ನಮ್ಮ ಅಡಗಿಮನಿಯಾಗ ಕುಂತು ಕಲತ. ನಾ ಹಿಡಿಯಿಂದ ಹಾಕಿದ ಹಿಟ್ಟನ್ನ ತಕ್ಕಡಿಯಾಗ ತೂಗಿದ. ಗಂಜಿಯೊಳಗ ಥರ್ಮಾಮೀಟರ್ ಅದ್ದಿದ. ಹುಳಿ ಎಷ್ಟು ಬಂದೈತಿ ಅನ್ನೂದನ್ನ ತೋರಸೂ ಒಂದು ಮಿಷನ್ ತಂದಿದ್ದ, ಪೆನ್ನಿನಷ್ಟು ಉದ್ದಂದು, ಅದ್ದಿದ್ರ ನಂಬರ್ ಬರೂದು. ಅತ್ತಿ ಆ ನಂಬರ್ ನೋಡಿ, "ನಾಲಿಗೀ ಮನಿಯಾಗ ಬಿಟ್ಟು ಬಂದೀ ಏನೋ ಅಪ್ಪಾ" ಅಂತ ನಗತಿದ್ರು. ಅತ್ತಿ ಅವಗ ಎಲ್ಲಾ ಹೇಳಿದ್ರು. ತಾವು ಲಗ್ನಾಗಿ ಬರೂ ಮುಂದ, ಹುಳಿಯೊಳಗ ಅರಿವಿ ತುಂಡು ಅದ್ದಿ, ನೆರಳಿನ್ಯಾಗ ಒಣಗಿಸಿ, ಸೆರಗಿನ್ಯಾಗ ಕಟಗೊಂಡು ನಾಂಪಲ್ಲಿ ಸ್ಟೇಶನ್ನಿನಾಗ ಇಳದಿದ್ದು, ಅದನ್ನ ಇಲ್ಲಿಯ ಗಂಜಿಯಾಗ ನೆನಸಿದ್ದು. ಆವತ್ತಿನಿಂದ ಆ ಹುಳಿ ಒಂದಿನಾನೂ ತಪ್ಪಿಲ್ಲ. ಇನ್ನೊಂದು ಮಾತನ್ನೂ ಹೇಳಿದ್ರು. ನಮ್ಮ ಕಡೆ ಹುಳಿ ಕೇಳಾಕ ಬಂದವರನ್ನ ಖಾಲಿ ಕೈಲೆ ಕಳಸೂದಿಲ್ಲ. ಮಾರೂದೂ ಇಲ್ಲ. ಅವರ ತವರಿನ್ಯಾಗ ಅಣ್ಣತಮ್ಮರು ಒಂದು ಗ್ವಾಡಿ ಸಲುವಾಗಿ ಕೋರ್ಟಿಗೆ ಹೋಗಿದ್ರಂತ. ಅದೇ ಗ್ವಾಡಿ ಮ್ಯಾಲಿಂದ ಹುಳಿಯ ಗಡಗಿ ಆ ಕಡೆ ಈ ಕಡೆ ಹೋಗಿ ಬರತಿತ್ತಂತ. ಅವ ಅದನ್ನೂ ಲ್ಯಾಪ್‌ಟಾಪಿನ್ಯಾಗ ಬರಕೊಂಡ.

ಆಮ್ಯಾಲ ಬರೂದು ಬಿಟ್ಟ. ಫೋನ್ ಮಾಡಿದ್ರ "ಮೀಟಿಂಗಲ್ಲಿದೀನಿ ಅಕ್ಕಾ" ಅಂದ. ಮತ್ತ ಮಾಡಿದ್ರ ಎತ್ತಲೇ ಇಲ್ಲ. ಮನಿಯವರು, ಪಾಪ ಕೆಲಸ ಇರತಾವ ಅಂದ್ರು. ನಾನೂ ಹಂಗೇ ಅನಕೊಂಡೆ.

ವರ್ಷ ತುಂಬಿತ್ತು. ನನ್ನ ಅಣ್ಣನ ಮಗಳ ಲಗ್ನದ ಸೀರಿ ನೋಡಾಕ ಆಕಿ ಸಂಗಟ ಸಿಕಂದರಾಬಾದಿಗೆ ಹೋದಾಗ ಒಂದು ದೊಡ್ಡ ಅಂಗಡಿಯೊಳಗ ಹೊಕ್ಕೆ, ಎ.ಸಿ. ಇತ್ತಂತ. ಫ್ರಿಜ್ಜಿನ್ಯಾಗ ಸಾಲಾಗಿ ಬಾಟ್ಲಿ ನಿಂತಿದ್ವು. ಒಂದರ ಮ್ಯಾಲ ಮೂಗುತಿ ಹಾಕ್ಕೊಂಡ ಮುದುಕಿ ಚಿತ್ರ. ಪುದೀನದ್ದೊಂದು, ಬೀಟ್‌ರೂಟಿಂದೊಂದು, ಸಾದಾದೊಂದು. ಜ್ವಾಳದ ಅಂಬಲಿ. ಅಣ್ಣನ ಮಗಳು ಅದರ ಹಿಂದಿನ ಇಂಗ್ಲಿಷ್ ಓದಿ ಹೇಳಿದಳು. 'ನನ್ನ ಅಜ್ಜಿ ಮದುವಣಗಿತ್ತಿಯಾಗಿ ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ತಂದ ಹುಳಿ' ಅಂತ ಇತ್ತು. ಕೆಳಗ ಅವನ ಸಹಿ. ಅವರಜ್ಜಿ ಮೈಸೂರಿನ್ಯಾಗ ಸಾಲಿ ಹೆಡ್‌ಮಿಸ್ ಇದ್ರು, ಕಾಫಿ ಬಿಟ್ಟು ಬ್ಯಾರೆ ಏನೂ ಮುಟ್ಟತಿರಲಿಲ್ಲ ಅಂತ ಅವನೇ ನಮ್ಮ ಮಂಚದ ಮ್ಯಾಲ ಕುಂತು ಹೇಳಿದ್ದ.

ನನಗ ಮೈಯೆಲ್ಲಾ ಉರದು ಹೋತು. ಬಾಟ್ಲಿ ತಂದು ಅತ್ತಿಯ ಮುಂದ ಇಟ್ಟೆ, ಓದಿ ಹೇಳಿದೆ. ಅವರು ಬಾಟ್ಲಿ ತಿರುವಿ ತಿರುವಿ ನೋಡಿದ್ರು. "ಮೂಗುತಿ ಬಲಗಡೆ ಹಾಕ್ಯಾರ ನೋಡ, ನಂದು ಎಡಗಡೆ" ಅಂದ್ರು. ಆಮ್ಯಾಲ ಅಂದ್ರು, "ಅವರಜ್ಜಿ ಆದ್ರೇನು, ನಾ ಆದ್ರೇನು. ಮಂದಿ ಕುಡದ್ರ ಸಾಕು." ನನಗ ಸಾಕಾಗಲಿಲ್ಲ. ಅವತ್ತಿನಿಂದ ಅವನ ಹೆಸರು ನೆನಪಾದ್ರ ಹಲ್ಲು ಹಲ್ಲು ಕಡೀತಿದ್ದೆ. ಉಳ್ಳಾಗಡ್ಡಿ ಹೆಚ್ಚೂ ಮುಂದ ಅವನ್ನ ಬಯ್ಯೂದು, ಡ್ರಮ್ ತಿಕ್ಕೂ ಮುಂದ ಬಯ್ಯೂದು. ಮನಿಯವರು, "ಬಿಡು, ಆರೋಗ್ಯ ಕೆಡಿಸಿಕೋತಿ" ಅಂತಿದ್ರು. ಬಯ್ಯದಿದ್ರ ನನ್ನ ಆರೋಗ್ಯ ಕೆಡತಿತ್ತು.

ಅಷ್ಟಕ್ಕೇ ಬಿಟ್ಟಿದ್ರ ನಾನೂ ಬೈಕೋತ ಇರತಿದ್ದೆ. ಬ್ಯಾಸಗಿ ಸುರುವಾಗಿತ್ತು. ಪಾರ್ಕ್ ನೋಡಿಕೊಳ್ಳೂ ಕಮಿಟಿಯವರೊಬ್ರು, ದಿನಾ ನನ್ನ ಕಡೇನೇ ಅಂಬಲಿ ಕುಡಿಯೂ ಹಿರಿಯರು, ಗ್ಲಾಸ್ ಕೆಳಗಿಟ್ಟು ತೆಲುಗಿನಾಗ ಹೇಳಿದ್ರು: ಗೇಟಿನ ಮುಂದ ಗ್ಲಾಸಿನ ಗ್ವಾಡಿಯ ಒಂದು ಅಂಗಡಿ ಬರತೈತಮ್ಮಾ, ಬಾಟ್ಲಿ ಕಂಪನಿಯವರದ್ದು. ಬರೂ ರವಿವಾರ ಅವರು ಎಲ್ಲಾರಿಗೂ ಫ್ರೀ ಕುಡಸತಾರ. ರೊಕ್ಕಾ ಹಾಕೂ ಸಾಹೇಬರೂ ಬರತಾರ. ಎಲ್ಲಾ ಛಲೋ ಆತಂದ್ರ ನೀವು ಹಿಂದಿನ ಗೇಟಿಗೆ ಹೋಗಬೇಕಾಗತೈತಿ, ಅಂತ. ಹಿಂದಿನ ಗೇಟಿನ್ಯಾಗ ಕಸದ ಲಾರಿ ನಿಲ್ಲತಾವ. ಅಲ್ಲಿ ವಾಕಿಂಗಿನವರು ಮೂಗು ಮುಚ್ಚಿಕೊಂಡು ಓಡತಾರ, ಅಂಬಲಿ ಕುಡಿಯಾಕ ಯಾರು ನಿಲ್ಲತಾರ. ಬಾಟ್ಲಿ ಕಂಪನಿ ಯಾವುದಂತ ನಾ ಕೇಳಲಿಲ್ಲ. ಕೇಳೂದೇನಿತ್ತು.

ಆ ವಾರದ ಶುಕ್ರವಾರ ಮಧ್ಯಾಹ್ನ ಬಾಗಲಾ ಬಡದ ಸಪ್ಪಳಾತು. ತಗದ್ರ ಅವ. ಕೈಯಾಗ ಒಂದು ಸ್ಟೀಲಿನ ಕ್ಯಾನು. ಮುಖ ಬಾಡಿತ್ತು. "ಅಕ್ಕಾ" ಅಂದ, ನಿನ್ನೇನೇ ಬಂದು ಹೋದಾಂವನಂಗ. ಅತ್ತಿ ಮುಂದಿನ ಖೋಲಿಯಾಗ ಮಲಗಿದ್ರು. ನಾ ಬಾಗಲಾ ಹಿಡಕೊಂಡೇ ನಿಂತೆ, ಒಳಗ ಬಾ ಅನ್ನಲಿಲ್ಲ.

ಆಗಿದ್ದು ಇಷ್ಟು. ರವಿವಾರದ ಸಲುವಾಗಿ ಯಾವನೋ ಸಲಹೆಗಾರ ಬಂದು, ಫ್ಯಾಕ್ಟರಿ ಥಳಥಳ ಅನ್ನಬೇಕು ಅಂದಿದ್ದಾನ. ಕೆಲಸದವರು ಎಲ್ಲಾ ಡ್ರಮ್, ಎಲ್ಲಾ ಡಬ್ಬಿ, ಹುಳಿ ಇಟ್ಟ ಪಾತ್ರಿ ಸುದ್ದಾ ಔಷಧದ ನೀರಿನ್ಯಾಗ ತೊಳದು ಒರೆಸಿ ಬೋರಲ ಹಾಕ್ಯಾರ. ಒಂದು ಚಮಚಾ ಹುಳಿ ಉಳದಿಲ್ಲ. ಅಂಗಡಿಗೆ ಹೋದ ಬಾಟ್ಲಿಯೊಳಗಿಂದು ಹೆಪ್ಪಿಗೆ ಬರೂದಿಲ್ಲ. ನಮ್ಮ ಮನಿಯಾಗ ಹುಳಿಯ ಗಡಗಿಗೆ ಸೋಪ್ ತೋರಿಸೂದಿಲ್ಲ. ಅದನ್ನೂ ನೋಡಿ ಹೋಗಿದ್ದ ಅವ, ಆದ್ರ ಬರಕೊಂಡಿರಲಿಲ್ಲ ಕಾಣಸತೈತಿ.

"ಹೊಸದು ಮಾಡೋಕೆ ಟೈಮಿಲ್ಲ ಅಕ್ಕಾ. ಸಂಡೇ ನನ್ನ ಲೈಫೇ ಇದೆ. ನಿಮ್ಮನೇಲಿ ಹುಳಿ ಕೇಳಿದ್ರೆ ಇಲ್ಲ ಅನ್ನಲ್ಲ ಅಲ್ವಾ? ಅಜ್ಜೀನೇ ಹೇಳಿದ್ರು."

ನೋಡ್ರಿ ಅವನ ಧೈರ್ಯ. ನಮ್ಮ ಹುಳಿ ಒಯ್ದ, ನಮ್ಮ ಅತ್ತಿಯ ಸೆರಗು ಒಯ್ದು ಬಾಟ್ಲಿಗೆ ಅಂಟಿಸಿದ, ನನ್ನ ಜಾಗಾಕ್ಕ ಕೈ ಹಾಕಿದ. ಈಗ ನಮ್ಮ ರಿವಾಜನ್ನ ನನ್ನ ಮುಂದ ಹಿಡದು ನಿಂತಾನ. ಒಂದು ಸಲ ಕ್ಯಾನು ಕಸಕೊಂಡು ರಸ್ತಾದಾಗ ಒಗೀಬೇಕು ಅನಸ್ತು. ಆದ್ರ ಇಲ್ಲ ಅನ್ನಾಕ ಬಾಯಿ ಏಳಲಿಲ್ಲ. ಇಪ್ಪತ್ತಾರು ವರ್ಷ ಆ ಅತ್ತಿಯ ಕೈಯಾಗ ಬಾಳೇ ಮಾಡೀನಿ, ಆ ಮನಿಯಿಂದ ಹುಳಿ ಇಲ್ಲ ಅಂತ ನಾ ಒಮ್ಮೆನೂ ಅಂದಿಲ್ಲ.

"ಕ್ಯಾನು ಇಟ್ಟು ಹೋಗು ತಮ್ಮಾ" ಅಂದೆ. "ನಂದಿನ್ನೂ ಶುಕ್ರವಾರದ ಪೂಜಿ ಆಗಿಲ್ಲ. ಒಂದು ತಾಸು ಬಿಟ್ಟು ಬಾ."

ಅವ ಹೋದ. ನಾ ಹುಳಿಯ ಗಡಗಿಯಿಂದ ಅವನ ಕ್ಯಾನಿಗೆ ಬೇಕಾದಷ್ಟು ಒಂದು ಪಾತೇಲಿಗೆ ಹಾಕಿ, ಗ್ಯಾಸ್ ಹಚ್ಚಿ ಕುದಿಸಿದೆ. ಚಲೋತಂಗ ಕುದಿಸಿದೆ, ಗುಳ್ಳಿ ಎದ್ದು ಸಿಡಿಯೂತನಕಾ. ಹುಳಿ ಕುದೀತಂದ್ರ ಅದರೊಳಗಿನ ಜೀವ ಹೋತು. ನೋಡಾಕ ಹಂಗೇ ಇರತೈತಿ, ನಾಲಿಗಿಗೂ ಹುಳಿನೇ. ಬರೇ ಇನ್ನೊಂದು ಗಂಜಿಯನ್ನ ಅದು ಹುಳಿ ಮಾಡೂದಿಲ್ಲ. ಪರಾತದಾಗ ನೀರು, ಫ್ರಿಜ್ಜಿನ ಐಸು ಹಾಕಿ ಪಾತೇಲಿ ಇಟ್ಟು ತಣ್ಣಗ ಮಾಡಿದೆ, ದಪ್ಪಾಗಿದ್ದಕ್ಕ ಚೂರು ನೀರು ಬೆರಸಿದೆ, ಕ್ಯಾನಿಗೆ ತುಂಬಿದೆ. ಹುಳಿ ಕೊಡೂ ಮುಂದ, ಹೋದ ಮನಿಯಾಗ ಅದು ಬಾಳಲಿ ಅಂತ, ಪಾತ್ರಿ ಕೊರಳಿಗೆ ಅರಿಷಿಣ ಹಚ್ಚತೀವಿ. ಅದನ್ನೂ ಹಚ್ಚಿದೆ.

ಅವ ಬಂದು ಕ್ಯಾನಿನೊಳಗ ತನ್ನ ಪೆನ್ನಿನ ಮಿಷನ್ ಅದ್ದಿದ. "ಪರ್ಫೆಕ್ಟ್ ಅಕ್ಕಾ" ಅಂದ. ಮಿಷನ್ನಿಗೆ ಹುಳಿ ತಿಳೀತೈತಿ, ಹುಳಿಯ ಜೀವ ತಿಳಿಯೂದಿಲ್ಲ. ಅಷ್ಟೊತ್ತಿಗೆ ಅತ್ತಿ ಎದ್ದು ಕುಂತಿದ್ರು. ಅವ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಅತ್ತಿ ಅವನ ತಲಿ ಮ್ಯಾಲ ಕೈ ಇಟ್ಟು, ನನ್ನ ಕಡೆ ನೋಡಿದ್ರು.

"ಮುಚ್ಚಿದ್ದನ್ನ ನಡುವ ತಗದು ನೋಡಬ್ಯಾಡ" ಅಂತ ನಾ ಅವಗ ಬಾಗಲದಾಗ ಹೇಳಿದೆ. ಅದು ಅವಗ ಮೊದಲೇ ಕಲಿಸಿದ ಪಾಠ, ತಲಿ ಅಲ್ಲಾಡಿಸಿದ. ಆ ಒಂದು ಪಾಠ ಅವ ಖರೇ ಖರೇ ಪಾಲಿಸಿದ.

ರವಿವಾರ ಮುಂಜಾನೆ ಗೇಟಿನ ಮುಂದ ಬಿಳಿ ಬಟ್ಟಿ ಹಾಸಿದ ಟೇಬಲ್ಲು, ಬ್ಯಾನರು, ಎರಡು ದೊಡ್ಡ ಹೊಳಿಯೂ ಡ್ರಮ್ಮು. ನನ್ನನ್ನ ಹತ್ತು ಮಾರು ಆಚೆ ಸರಿಸಿದ್ರು. ಬಿಳಿ ಬೂಟಿನ ಮೂರು ಮಂದಿ ಸಾಹೇಬರು ಕಾರಿನಿಂದ ಇಳದ್ರು. ಕಮಿಟಿಯವರು ಬಂದ್ರು, ವಾಕಿಂಗಿನವರು ಗೋಲಾಗಿ ನಿಂತ್ರು. ಅವ ಮೈಕ್ ಹಿಡದು ನಮ್ಮ ಅತ್ತಿಯ ನಾಂಪಲ್ಲಿ ಸ್ಟೇಶನ್ನು, ಅರಿವಿ ತುಂಡು, ಸೆರಗು, ಎಲ್ಲಾ ಇಂಗ್ಲಿಷಿನಾಗ ಹೇಳಿದ. "ಅಜ್ಜಿ" ಅನ್ನೂ ಶಬ್ದ ನಾಕೈದು ಸಲ ಕಿವಿಗೆ ಬಿತ್ತು. ಜೀವಂತ ಡ್ರಿಂಕ್, ನಿನ್ನೆ ಮುಚ್ಚಿದ್ದು, ಈಗ ನಿಮ್ಮ ಮುಂದೇ ಬಿಚ್ಚತೀನಿ ಅಂತ ತೆಲುಗಿನಾಗೂ ಹೇಳಿದ.

ಬಿಚ್ಚಿದ.

ಬ್ಯಾಸಗಿಯೊಳಗ ಹುಳಿ ಇಲ್ಲದ ಗಂಜಿ ಒಂದು ದಿನ ಒಂದು ರಾತ್ರಿ ಮುಚ್ಚಿಟ್ರ ಏನಾಗತೈತಿ ಅಂತ ಅಡಗಿ ಮಾಡೂ ಹೆಂಗಸಿಗೆ ಹೇಳಬೇಕಾಗಿಲ್ಲ. ಮುಂದ ನಿಂತ ಸಾಹೇಬ ಕರ್ಚೀಫ್ ತಗದ. ಒಬ್ಬಾಕಿ ಮಗಳ ಕೈ ಹಿಡದು ಹಿಂದಕ್ಕ ಜಗ್ಗಿದಳು. ಇನ್ನೊಂದು ಡ್ರಮ್ ಬಿಚ್ಚಿದ, ಅದೂ ಅಷ್ಟ. ನಾತ ನನ್ನ ಟೇಬಲ್ಲಿನ ತನಕಾ ಬಂತು. ಸುಳ್ಳು ಯಾಕ ಹೇಳಲಿ, ಆ ನಾತ ಮೂಗಿಗೆ ಬಿದ್ದಾಗ ನನ್ನ ಎದಿ ತಣ್ಣಗಾತು. ಒಂದು ಹನಿ ಯಾರ ಬಾಯಿಗೂ ಹೋಗಲಿಲ್ಲ, ಹೋಗಾಕ ಸಾಧ್ಯನೂ ಇರಲಿಲ್ಲ. ಇಷ್ಟನ್ನ ನಾ ಮೊದಲೇ ಲೆಕ್ಕಾ ಹಾಕಿದ್ದೆ.

ಮಂದಿ ನನ್ನ ಕಡೆ ಹೊಳ್ಳಿದ್ರು. ಕಮಿಟಿಯ ಹಿರಿಯರೇ ಬಿಳಿ ಬೂಟಿನವರನ್ನ ಕರಕೊಂಡು ಬಂದು ನನ್ನ ಅಂಬಲಿ ಕುಡಸಿದ್ರು. ಒಬ್ಬ ಸಾಹೇಬ ಇನ್ನೊಂದು ಗ್ಲಾಸ್ ಕೇಳಿದ. ಗಿರಾಕಿ ಕಡಿಮಿ ಆದ ಮ್ಯಾಲ ಅವ ಬಂದ. ಅಂಗಿ ಬೆವತು ಬೆನ್ನಿಗೆ ಹತ್ತಿತ್ತು. "ಏನ್ ಕೊಟ್ರಿ ಅಕ್ಕಾ ನಂಗೆ?"

"ನೀ ಕೇಳಿದ್ದು" ಅಂದೆ.

ಅವ ನನ್ನ ಮುಖಾನೇ ನೋಡಿಕೋತ ನಿಂತ. ಅವನ ಕಣ್ಣಾಗ ನೀರು ಬಂದಿದ್ವು. ನಾ ಮುಂದಿನ ಗಿರಾಕಿಯ ಗ್ಲಾಸಿಗೆ ಉಳ್ಳಾಗಡ್ಡಿ ಹಾಕಿದೆ.

ಗ್ಲಾಸಿನ ಅಂಗಡಿ ಬರಲಿಲ್ಲ. ನನ್ನ ಜಾಗಾ ನನಗ ಉಳೀತು. ಮನಿಗೆ ಬಂದು ಡ್ರಮ್ ಇಳಿಸಿ, ಮನಿಯವರಿಗೆ ನಡದಿದ್ದೆಲ್ಲಾ ಹೇಳಿದೆ, ಸಾಹೇಬರು ಮೂಗು ಮುಚ್ಚಿಕೊಂಡಿದ್ದನ್ನ ಮಾಡಿ ತೋರಿಸಿದೆ. ಮನಿಯವರು ನಗಬೇಕೋ ಬ್ಯಾಡೋ ಅಂತ ನಿಂತಿದ್ರು. ಮಂಚದ ಮ್ಯಾಲಿಂದ ಅತ್ತಿ ಅಂದ್ರು, "ಕುದಿಸಿ ಕೊಟ್ಟಿ ಅಲಾ."

"ನಿಮಗ ಗೊತ್ತಿತ್ತು?"

"ವಾಸನಿ ಬರೂದಿಲ್ಲೇನ? ಅವತ್ತೇ ಬಂದಿತ್ತು."

"ಮತ್ತ ಅವಗ ಯಾಕ ಹೇಳಲಿಲ್ರಿ?"

"ಕೊಡೂ ಮುಂದ ನೀ ತಡೀತಿ ಅನಕೊಂಡಿದ್ದೆ. ಬಾಗಲಾ ದಾಟೂತನಕಾ ನಿನ್ನನ್ನೇ ನೋಡಿಕೋತ ಕುಂತಿದ್ದೆ ನಾ."

ನನಗ ಸಿಟ್ಟು ಬಂತು. "ಅವ ಮಾಡಿದ್ದು ಸರಿ ಏನು ಅತ್ತೀ? ನಾಳೆ ನಾವು ಕಸದ ಲಾರಿ ಮುಂದ ನಿಲ್ಲಬೇಕಿತ್ತು. ನಿಮ್ಮ ಮಾತು ಅವ ಮಾರಿಕೊಂಡ."

"ಇಲ್ಲ ಅಂತ ಬಾಗಲಾ ಹಾಕಬೇಕಾಗಿತ್ತು. ಕೆರಾ ತಗೊಂಡು ಹೊಡೀಬೇಕಾಗಿತ್ತು. ನಾ ಏನೂ ಅಂತಿರಲಿಲ್ಲ." ಅತ್ತಿ ಗ್ವಾಡಿ ಕಡೆ ಹೊಳ್ಳಿ ಮಲಗಿದ್ರು. "ಅರಿಷಿಣ ಹಚ್ಚಿ ಕೊಟ್ಟೀಯಲ್ಲಬೇ."

ಮರುದಿನ ಮುಂಜಾನೆ ದಿನದಂಗ ಅವರ ಮುಂದ ಅಂಬಲಿಯ ಗ್ಲಾಸ್ ಇಟ್ಟೆ. "ನನಗ ಚಾ ಸಾಕು" ಅಂದ್ರು. ಜಗಳಿಲ್ಲ, ಮಾತು ಬಿಟ್ಟಿಲ್ಲ. ನನ್ನ ಕೈಯ ರೊಟ್ಟಿ ತಿಂತಾರ, ಪಲ್ಯಾ ತಿಂತಾರ, ತಲಿಗೆ ಎಣ್ಣಿ ಹಚ್ಚಿಸಿಕೋತಾರ. ಅಂಬಲಿ ಒಂದನ್ನ ಮುಟ್ಟೂದಿಲ್ಲ. ಜನ್ಮಪೂರ್ತಿ ಅದನ್ನೇ ಕುಡದವರು, ಈಗ ಮೂರು ವರ್ಷ ಆತು, ದಿನಾ ಮುಂಜಾನೆ ಚಾದಾಗ ಬ್ರೆಡ್ ಅದ್ದಿ ತಿಂತಾರ.

ಅವನ ಸುದ್ದಿ ಆಗಾಗ ಕಿವಿಗೆ ಬೀಳತೈತಿ. ಆರು ತಿಂಗಳು ಮನಿಯಾಗ ಕುಂತನಂತ. ಆಮ್ಯಾಲ ಅದೇ ಬಿಳಿ ಬೂಟಿನವರೊಳಗ ಒಬ್ಬ ಮತ್ತ ರೊಕ್ಕಾ ಕೊಟ್ಟು, ಈಗ ಜಿಮ್ಮಿನವರಿಗೆ ಪ್ರೋಟೀನ್ ಹಾಕಿದ ನೀರು ಮಾರತಾನಂತ. ಮೊದಲಿಗಿಂತ ದೊಡ್ಡ ಕಾರ್ ತಗೊಂಡಾನಂತ. ಕೇಳಿ ಹೊಟ್ಟಿ ಉರೀತು. ಇಂಥಾವರು ಎಲ್ಲಿ ಒಗದ್ರೂ ಕಾಲಮ್ಯಾಲೇ ಬೀಳತಾರ. ಅವ ಮತ್ತ ಕ್ಯಾನು ಹಿಡಕೊಂಡು ಬಂದ್ರ, ಮತ್ತ ಕುದಿಸೇ ಕೊಡತೀನಿ. ಇದನ್ನ ಅತ್ತಿಯ ಮುಂದೂ ಹೇಳೀನಿ. ಅವರು ಹೂಂ ಅಂದ್ರು.

ಹೋದ ತಿಂಗಳು ಅತ್ತಿಗೆ ಜ್ವರ ಬಂತು. ನಾಕು ದಿನ ಒಂದು ತುತ್ತು ಒಳಗ ಹೋಗಲಿಲ್ಲ, ಚಾ ಕುಡದ್ರೂ ಕಾರತಿದ್ರು. ಡಾಕ್ಟರು ತೆಳ್ಳಂದು ಏನರೆ ಕೊಡ್ರಿ, ಅಂಬಲಿ ಕೊಡ್ರಿ ಅಂದ್ರು. ನಾ ಹುರುಪಿಲೆ ಅಡಗಿಮನಿಗೆ ಹೊಂಟೆ. ಅತ್ತಿ ನನ್ನ ಸೆರಗು ಹಿಡದ್ರು. "ಮ್ಯಾಲಿನ ಮನಿಯಿಂದ ತೊಗೊಂಡು ಬಾ" ಅಂದ್ರು.

ಮ್ಯಾಲಿನ ಮನಿಯಾಕಿ ತೆಲುಗಿನಾಕಿ, ಎರಡು ಮಕ್ಕಳ ತಾಯಿ. ಅತ್ತಿನೇ ಯಾವಾಗೋ ಹುಳಿ ಕೊಟ್ಟಿದ್ರಂತ, ನನಗೂ ಗೊತ್ತಿರಲಿಲ್ಲ. ಗೇಟಿನ್ಯಾಗ ದಿನಾ ಎರಡು ಡ್ರಮ್ ಅಂಬಲಿ ಮಾರಾಕಿ ನಾ, ಖಾಲಿ ತಂಬಿಗಿ ಹಿಡಕೊಂಡು ಮೆಟ್ಟಲಾ ಹತ್ತಿ ಆಕಿಯ ಬಾಗಲದಾಗ ನಿಂತೆ. ಆಕಿ ಯಾಕ ಅಂತ ಕೇಳಲಿಲ್ಲ. ತಂಬಿಗಿ ತುಂಬಿ ಕೊಟ್ಟಳು.

ಅತ್ತಿ ಎದ್ದು ಕುಂತು, ಎರಡೂ ಕೈಲೆ ತಂಬಿಗಿ ಹಿಡದು, ಒಂದೇ ಸಮನ ಕುಡದ್ರು. ಮೂರು ವರ್ಷದ ಮ್ಯಾಲ. ಒಂದು ಹನಿ ಕಾರಲಿಲ್ಲ. ತಂಬಿಗಿ ನನ್ನ ಕೈಗೆ ಕೊಟ್ಟು ಬಾಯಿ ಒರಸಿಕೊಂಡು, "ನಾಳೇನೂ ಇಸಕೊಂಡು ಬಾ" ಅಂದ್ರು.

ಈಗ ದಿನಾ ಹೋಗತೀನಿ.